ಕುದುರೆ ಮೈದಾನದ ನೆಲ ಕೆಟ್ಟಿದೆ: ಮಾತುಕತೆಯಾ, ಲೋಕ ಅದಾಲತ್ತಾ, ಗ್ರಾಹಕ ಆಯೋಗನಾ?

ತಮ್ಮಾ, ಕಂಟ್ರಾಕ್ಟರ್ ಮಾಡ್ಕೊಟ್ಟ ಕುದುರೆ ಓಡಿಸೋ ಮೈದಾನ ಕೆಟ್ಟಿದೆ ಅಂತೀಯಲ್ಲ, ಅವನ ಮೇಲೆ ಯಾವ್ದೇ ದಾರಿ ಹಿಡಿದ್ರೂ ಮೊದ್ಲು ಸಾಕ್ಷಿ ಬೇಕು. ಮಳೆ ಬಿಟ್ಟ ಮಾರನೇ ದಿನ ಒಂದ್ಕಡೆ ಅಗೆದು ನೋಡು, ಮರಳಿನ ಕೆಳಗೆ ಇರ್ಬೇಕಾದ ಜಲ್ಲಿನೇ ಇಲ್ದೆ ಕೆಂಪು ಮಣ್ಣು ಮೇಲೆದ್ದು ಕಲಸಿಹೋಗಿದ್ರೆ ಸ್ಕೇಲ್ ಇಟ್ಟು ಫೋಟೋ ತೆಗಿ, ಕುದುರೆ ಮಾತ್ರ ಅಲ್ಲಿ ಓಡಿಸ್ಬೇಡ, ಪಾಪ ಅದರ ಕಾಲು ಉಳುಕತ್ತೆ.

ಖರ್ಚು ನೋಡಿದ್ರೆ ಮಾತುಕತೆಗೂ ಅದಾಲತ್‌ಗೂ ಫೀ ಇಲ್ಲ, ಆಯೋಗದಲ್ಲೂ ನೀ ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಫೀ ಇಲ್ಲ. ಆದ್ರೆ ಜಿಲ್ಲಾ ಆಯೋಗ ಇರೋದು ಕಾರವಾರದಲ್ಲಿ, ಶಿರಸಿಯಿಂದ ಅಲ್ಲಿಗೆ ಘಟ್ಟ ಇಳಿದು ಓಡಾಡೋ ಖರ್ಚು ಸೇರಿಸ್ಕೋ.

ಬೇಗ ಆಗ್ಬೇಕು, ಕಂಟ್ರಾಕ್ಟರ್ ಇನ್ನೂ ಫೋನ್ ಎತ್ತುತ್ತಾನೆ ಅಂದ್ರೆ ಮಾತುಕತೆನೇ ಸಾಕು, ಒಪ್ಪಿದ್ದನ್ನ ಬರೆಸ್ಕೊಂಡು ಸಹಿ ಹಾಕ್ಸು. ಬಾಯಿಮಾತು ನಂಬಿದ್ರೆ ಮುಂದಿನ ಮಳೆಗಾಲನೂ ಹಿಂಗೇ. ಅದಾಲತ್‌ಗೆ ಇಬ್ರೂ ಒಪ್ಪಬೇಕು, ರಾಜಿ ಆದ್ಮೇಲೆ ಅದು ಕೋರ್ಟ್ ಡಿಕ್ರಿ, ಅಂದ್ರೆ ಕೋರ್ಟ್ ತೀರ್ಪು ಇದ್ದಂಗೆ, ಅಪೀಲಿಲ್ಲ.

ಅವ ಕೈ ಎತ್ತಿದ್ರೆ ಆಯೋಗ, 2 ವರ್ಷದೊಳಗೆ ದೂರು ಕೊಡ್ಬೇಕು. ಸ್ವಂತ ಕುದುರೆಗೆ ಅಥವಾ ನಿನ್ನದೇ ಹೊಟ್ಟೆಪಾಡಿಗೆ ಮಾಡಿಸಿದ ಮೈದಾನ ಆದ್ರೆ ಸರಿ, ಆಳು ಇಟ್ಟು ದೊಡ್ಡದಾಗಿ ರೈಡಿಂಗ್ ಸ್ಕೂಲ್ ನಡೆಸೋರಿಗೆ ಅಲ್ಲಿ ವ್ಯಾಪಾರ ಅನ್ನೋ ತಕರಾರು ಬರತ್ತೆ, ಅವ್ರಿಗೆ ಸಿವಿಲ್ ಕೋರ್ಟೇ ವಾಸಿ.