ಮಾವು, ಹಲಸಿಗೆ ಮೂರು ರೋಡ್ ಸುತ್ತಿದ್ದಾಯ್ತು, ಯಾವ್ದು ವಾಸಿ?

ಮನೆ ಹತ್ರ ನಡ್ಕೊಂಡು ಹೋಗೋಷ್ಟು ದೂರದಲ್ಲೇ ಹಾಪ್‌ಕಾಮ್ಸ್ ಹಣ್ಣು-ತರಕಾರಿ ಅಂಗಡಿ ಇದೆ, ಆದ್ರೂ ನನಗೆ ಗಾಡಿ ತಗೊಂಡು ಊರಾಚೆ ಹೋಗಿ ರೋಡ್ ಪಕ್ಕ ಹಣ್ಣು ತರೋ ಚಟ. ಪೆಟ್ರೋಲ್ ಲೆಕ್ಕ ಹಾಕಿದ್ರೆ ಕೆಜಿಗೆ ಎಷ್ಟು ಬಿತ್ತು ಅಂತ ಹೆಂಡ್ತಿ ಕೇಳ್ತಾಳೆ, ನಾನು ಲೆಕ್ಕ ಹಾಕಲ್ಲ. ಹೋದ ಸೀಸನ್‌ನಲ್ಲಿ ಬೇಕಂತಲೇ ಮೂರು ಕಡೆ ಹೋಗ್ಬಂದೆ.

ಮೊದಲು ಹಳೇ ಮೈಸೂರು ರೋಡು, ರಾಮನಗರ-ಚನ್ನಪಟ್ಟಣ. ನಮ್ ಕಡೆ ಮಾವು ಮೊದಲು ಬರೋದೇ ರಾಮನಗರದ್ದು, ಏಪ್ರಿಲ್‌ನಲ್ಲೇ ಬಾದಾಮಿ ಸಿಗುತ್ತೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಕಾರುಗಳೆಲ್ಲ ಬೈಪಾಸ್‌ನಲ್ಲೇ ಹೋಗ್ಬಿಡ್ತವೆ, ಹಂಗಾಗಿ ಬೇಕು ಅಂತಲೇ ಊರೊಳಗಿನ ಹಳೇ ರೋಡ್ ಹಿಡೀಬೇಕು. ಒಂದು ಅಂಗಡೀಲಿ ಹಣ್ಣು ಅರಿಶಿನ ಬಳಿದಂಗೆ ಒಂದೇ ಬಣ್ಣ, ಪಿರಮಿಡ್ ಥರ ಜೋಡ್ಸಿದ್ರು, ಕೆಜಿ 140. ಮನೇಗ್ ತಂದು ಕುಯ್ದ್ರೆ ಮೇಲೆಲ್ಲ ಸಿಹಿ, ಓಟೆ ಹತ್ರ ಹುಳಿ ಹುಳಿ. ಕಾರ್ಬೈಡ್ ಹಾಕಿ ಹಣ್ಣು ಮಾಡೋದು ಬ್ಯಾನ್ ಆಗಿ ಎಷ್ಟೋ ವರ್ಷ ಆಯ್ತು, ಆದ್ರೂ ನನಗೆ ಅನುಮಾನ ಹೋಗಿಲ್ಲ. ಆಮೇಲೆ ನೆನಪಾಯ್ತು, ಅದೇ ಅಂಗಡೀಲಿ ಸ್ಟಿಕ್ಕರ್ ಹಾಕಿರೋ ಸೇಬು, ಕಿವಿ ಹಣ್ಣು ಎಲ್ಲ ಇತ್ತು. ರಾಮನಗರದ ತೋಟದಲ್ಲಿ ಕಿವಿ ಎಲ್ಲಿ ಬೆಳೀತದೆ ಹೇಳಿ! ಬೋರ್ಡ್ ಮೇಲೆ ಮಾತ್ರ ‘ತೋಟದಿಂದ ನೇರ’. ಆದ್ರೆ ಆ ರೋಡಲ್ಲಿ ಎಳನೀರಿಗೆ ಮಾತ್ರ ಎರಡು ಮಾತಿಲ್ಲ, ಅದಕ್ಕೋಸ್ಕರನೇ ನಿಲ್ಲಿಸಬಹುದು.

ಎರಡನೇದು ಶ್ರೀನಿವಾಸಪುರ, ಕೋಲಾರ ದಾಟಿ ಹೋಗ್ಬೇಕು, ಬೆಂಗಳೂರಿಂದ ಹೆಚ್ಚುಕಮ್ಮಿ 100 ಕಿಲೋಮೀಟರ್. ಅಲ್ಲಿ ಸೀಸನ್ ಲೇಟು, ಮೇ ಮಧ್ಯದ ಮೇಲೆ ಹೋದ್ರೆ ಸರಿ, ಜೂನ್‌ನಲ್ಲಿ ಇನ್ನೂ ಚೆಂದ. ದಾರಿ ಉದ್ದಕ್ಕೂ ಮಾವಿನ ತೋಪು, ತೋಪಿನ ಬಾಗಿಲಲ್ಲೇ ಟಾರ್ಪಾಲ್ ಕಟ್ಕೊಂಡು ಕೂತಿರ್ತಾರೆ, ಹಿಂದೆ ಮರ ಕಾಣ್ತಿರ್ತದೆ. ನಾನು ನಿಂತ ಕಡೆ ಒಬ್ರು ಅಜ್ಜಿ, ಅವರತ್ರ ಇದ್ದಿದ್ದು ಎರಡೇ ಜಾತಿ, ರಸಪುರಿ ಮತ್ತೆ ಬೇನಿಷಾ. ಕಾಯಿ ಮೇಲೆ ಸೊನೆ ಒಣಗಿ ಕಪ್ಪಗೆ ಕಲೆ ಕಟ್ಟಿತ್ತು, ನೋಡೋಕೆ ಏನೂ ಚೆನ್ನಾಗಿರ್ಲಿಲ್ಲ. “ಹಣ್ಣಿಲ್ವಾ ಅಜ್ಜಿ?” ಅಂದೆ. “ಹಣ್ಣಾಗಿರೋದು ಬೇಕಂದ್ರೆ ಬೆಂಗ್ಳೂರಲ್ಲೇ ಸಿಗ್ತದಲ್ಲಪ್ಪ, ಕಾಯಿ ತಗೊಂಡೋಗು, ಹುಲ್ಲಲ್ಲಿ ಅಡೆ ಹಾಕು, ದಿನಾ ಮುಟ್ಟಿ ನೋಡ್ಬೇಡ” ಅಂದ್ರು. ಅವರೇ ಒಂದು ಹಿಡಿ ಭತ್ತದ ಹುಲ್ಲೂ ಡಬ್ಬದೊಳಗೆ ತುರುಕಿ ಕೊಟ್ರು. ಕೆಜಿ 60, ಚೌಕಾಸಿ ಮಾಡೋಕೆ ಬಾಯೇ ಬರ್ಲಿಲ್ಲ. ಐದನೇ ದಿನಕ್ಕೆ ರೂಮೆಲ್ಲ ಘಮ್ ಅಂತು, ರಸಪುರಿ ತೊಟ್ಟು ಕಿತ್ತು ಹಂಗೇ ಹೀರಿದ್ದು, ಮೊಣಕೈವರೆಗೂ ರಸ. ಹತ್ತು ಕೆಜೀಲಿ ನಾಲ್ಕೈದು ಹಣ್ಣು ಕೊಳೆತೋಯ್ತು, ಎರಡರಲ್ಲಿ ಹುಳ ಇತ್ತು, ಅದನ್ನೂ ಹೇಳ್ಬೇಕಲ್ಲ.

ಒಂದ್ ವಿಷ್ಯ, ತೋಪಿನ ಮುಂದೆ ಕೂತೋರೆಲ್ಲ ರೈತರೇ ಅಂತ ಅನ್ಕೋಬೇಡಿ. ತುಂಬಾ ತೋಪುಗಳು ಹೂವು ಬಿಟ್ಟಾಗ್ಲೇ ಗುತ್ತಿಗೆಗೆ ಹೋಗಿರ್ತವೆ, ಫಸಲು ಗುತ್ತಿಗೆದಾರಂದು. ಆ ಅಜ್ಜೀನೂ ಗುತ್ತಿಗೆ ತಗೊಂಡೋರ ಕಡೆಯೋರೇ. ಹಣ್ಣು ಮಾತ್ರ ಅದೇ ಮರದ್ದು, ನನಗೆ ಅಷ್ಟು ಸಾಕು.

ಮೂರನೇದು ತೂಬಗೆರೆ, ದೊಡ್ಡಬಳ್ಳಾಪುರ ತಾಲೂಕು, ಘಾಟಿ ಸುಬ್ರಮಣ್ಯ ಇರೋದೂ ಅದೇ ಹೋಬಳೀಲಿ. ಇಲ್ಲಿಗೆ ಮಾವಿಗೆ ಹೋಗ್ಬೇಡಿ, ಹಲಸಿಗೆ ಹೋಗಿ. ಮೂರರಲ್ಲಿ ಇಲ್ಲಿ ಮಾತ್ರ ರುಚಿ ನೋಡಿ ದುಡ್ಡು ಕೊಡೋ ಪದ್ಧತಿ ಕಂಡೆ, ಕುಡುಗೋಲಲ್ಲಿ ಹಣ್ಣಿಗೆ ತ್ರಿಕೋನ ಹೊಡೆದು ಒಂದು ತೊಳೆ ಕಿತ್ತು ಕೈಗಿಡ್ತಾರೆ, ಇಷ್ಟ ಆಗ್ಲಿಲ್ವಾ, ಆ ತ್ರಿಕೋನ ವಾಪಸ್ ಮುಚ್ಚಿ ಇನ್ನೊಂದು ತೆಗೀತಾರೆ, ಮುಖ ಸಿಂಡರಿಸಲ್ಲ. ನನಗೆ ಸಿಕ್ಕಿದ್ದು ಕೆಂಪು ತೊಳೆ ಹಣ್ಣು, ಬಕ್ಕೆ ಅಂತಾರಲ್ಲ ಆ ಗಟ್ಟಿ ತೊಳೆ ಜಾತಿ, ಕಡಿದ್ರೆ ಗರಿಗರಿ. ಇಡೀ ಹಣ್ಣು 250, ಎತ್ತಿ ಡಿಕ್ಕೀಲಿ ಇಡೋಕೆ ಇಬ್ರು ಬೇಕಾಯ್ತು. ಭಾನುವಾರ ಹೋಗಿದ್ದೇ ತಪ್ಪಾಯ್ತು, ನಂದಿ ಬೆಟ್ಟದಿಂದ ಇಳಿಯೋ ಗಾಡಿ ಎಲ್ಲ ವಾಪಸ್ ಬರುವಾಗ ನಮ್ ಮುಂದೇನೇ, ದೇವನಹಳ್ಳಿ ಮುಟ್ಟೋಕೆ ಒಂದೂವರೆ ಗಂಟೆ.

ನನ್ನ ಕೇಳಿದ್ರೆ ಶ್ರೀನಿವಾಸಪುರಾನೇ ಮೇಲು, ಆದ್ರೆ ಐದು ದಿನ ಕಾಯೋ ತಾಳ್ಮೆ ಇರೋರಿಗೆ. ಇವತ್ತು ತಂದು ಇವತ್ತೇ ತಿನ್ಬೇಕು ಅಂದ್ರೆ ತೂಬಗೆರೆ. ಮೈಸೂರು ರೋಡಲ್ಲಿ ಬರೀ ಒಂದೇ ರಾಶಿ ಹಾಕ್ಕೊಂಡು ಕೂತಿರೋರ ಹತ್ರ ಮಾತ್ರ ನಿಲ್ಸಿ. ಎಲ್ಲಾ ಥರದ ಹಣ್ಣೂ ಇರೋ ಅಂಗಡಿ ಅಂದ್ರೆ ಮಂಡಿ ಮಾಲು ಅಂತ ನಾನು ಲೆಕ್ಕ ಹಾಕ್ಬಿಡ್ತೀನಿ, ತಪ್ಪಿದ್ರೂ ನಷ್ಟ ಇಲ್ಲ.

ಹಲಸಿಗೆ ಹೋಗೋರು ಸಣ್ಣ ಬಾಟ್ಲೀಲಿ ಕೊಬ್ರಿ ಎಣ್ಣೆ ಇಟ್ಕೊಳ್ಳಿ. ನಾನು ಮರ್ತಿದ್ದೆ, ಸ್ಟೀರಿಂಗ್ ಮೇಲೆ ಹತ್ತಿದ ಮೇಣ ಇನ್ನೂ ಹೋಗಿಲ್ಲ.