ಸೆಕ್ಯೂರ್‌ಡ್ರಾಪ್: ನಿಧಾನವೇ ಇದರ ಗುಣ

ಸರ್ಕಾರದ ರಹಸ್ಯ ಕಡತಗಳನ್ನು ಪತ್ರಕರ್ತರಿಗೆ ತಲುಪಿಸಬಯಸುವವರಿಗೆ ನೆರವಾಗುವ ಸೆಕ್ಯೂರ್‌ಡ್ರಾಪ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು 2013ರಿಂದ ಅಮೆರಿಕದ ಫ್ರೀಡಂ ಆಫ್ ದಿ ಪ್ರೆಸ್ ಫೌಂಡೇಶನ್ ನಿರ್ವಹಿಸುತ್ತಿದೆ. ಬಳಕೆದಾರರ ಗುರುತನ್ನು ಮುಚ್ಚಿಡುವ ಟಾರ್ ಜಾಲದ ಮೂಲಕ ಪ್ರವೇಶಿಸಿದವರ ಹೆಸರನ್ನಾಗಲಿ ಇಮೇಲ್ ಅನ್ನಾಗಲಿ ಇದು ಕೇಳುವುದಿಲ್ಲ. ಕೆಲವು ಪದಗಳ ಸಂಕೇತನಾಮವೊಂದನ್ನು ಕೊಡುತ್ತದೆ, ಅದನ್ನು ನೆನಪಿಟ್ಟುಕೊಂಡರೆ ಪತ್ರಕರ್ತರ ಉತ್ತರವನ್ನೂ ಓದಬಹುದು. ಬಂದ ಕಡತವನ್ನು ಅಂತರ್ಜಾಲದ ಸಂಪರ್ಕವೇ ಇಲ್ಲದ ಪ್ರತ್ಯೇಕ ಕಂಪ್ಯೂಟರಿಗೆ ಪೆನ್‌ಡ್ರೈವ್‌ನಲ್ಲಿ ಒಯ್ದು ತೆರೆಯುವ ಮೂಲ ಕ್ರಮವು ಸುದ್ದಿಮನೆಯ ಅವಸರಕ್ಕೆ (ಅಲ್ಲಿ ಅವಸರವಿಲ್ಲದ ದಿನ ಯಾವುದು?) ಒಗ್ಗುವಂಥದ್ದಲ್ಲವಾದರೂ, ಭದ್ರತೆಯ ದೃಷ್ಟಿಯಿಂದ ಆ ನಿಧಾನವನ್ನೇ ನಾನು ಹೆಚ್ಚು ಮೆಚ್ಚುತ್ತೇನೆ. ಆದರೆ ಇದು ಮಾಹಿತಿ ಕೊಟ್ಟವರನ್ನು ಮರೆಮಾಡುತ್ತದೆಯೇ ಹೊರತು ಪ್ರಕಟಿಸಿದವರನ್ನಲ್ಲ. ಅಮೆರಿಕದ 1917ರ ಬೇಹುಗಾರಿಕೆ ಕಾಯ್ದೆಯಡಿ, ರಹಸ್ಯ ಕಡತಗಳನ್ನು ಪ್ರಕಟಿಸಿದ ವಿಕಿಲೀಕ್ಸ್‌ನ ಸ್ಥಾಪಕ ಜೂಲಿಯನ್ ಅಸಾಂಜ್ ಅವರು 2024ರಲ್ಲಿ ತಪ್ಪೊಪ್ಪಿಕೊಳ್ಳಬೇಕಾಗಿ ಬಂದಂಥ ಮೊಕದ್ದಮೆಯನ್ನು ಯಾವ ಗೂಢಲಿಪಿಯೂ ತಡೆಯಲಾರದು.