ಸಬ್‌ವೂಫರ್‌ನಲ್ಲಿ ರೇಡಿಯೊ ಕೇಳಿಸಿತೆಂದು ಅರ್ಥಿಂಗ್ ತಪ್ಪಿಸಲು ಬಿಡಬೇಡಿ

ಹೋಂ ಥಿಯೇಟರ್‌ನ ಸಬ್‌ವೂಫರ್‌ನಿಂದ, ಅಂದರೆ ಮಂದ್ರ ಸದ್ದಿಗೆಂದೇ ಇರುವ ಸ್ಪೀಕರ್‌ನಿಂದ, ರೇಡಿಯೊ ಧ್ವನಿ ಬರುತ್ತಿದೆ ಎಂಬ ದೂರಿಗೆ ನಮ್ಮ ಮನೆಗೆ ಬಂದ ತಂತ್ರಜ್ಞರು ಮೊದಲು ಮಾಡಿದ ಕೆಲಸವೆಂದರೆ, ಕಂಪನಿ ಅಚ್ಚು ಹಾಕಿ ಕೊಟ್ಟಿದ್ದ ಮೂರು ಪಿನ್ನಿನ ಪ್ಲಗ್ ಕತ್ತರಿಸಿ, ಅರ್ಥಿಂಗ್‌ನ ಹಸಿರು ತಂತಿಯನ್ನು ಹಾಗೆಯೇ ಹಿಂದಕ್ಕೆ ಮಡಚಿ ಟೇಪ್ ಸುತ್ತಿ, ಎರಡು ಪಿನ್ನಿನ ಪ್ಲಗ್ ಜೋಡಿಸಿದ್ದು. ಅವರು ಅದಕ್ಕೆ 600 ರೂಪಾಯಿ ಪಡೆದರು, ನಾನೂ ಧನ್ಯವಾದ ಹೇಳಿ ಕಳುಹಿಸಿದೆ. ಆ ಒಂದು ಕೆಲಸದಿಂದ ನಮ್ಮ ಮನೆಯಲ್ಲಿ ಏನಾಗಬಹುದಿತ್ತು ಎಂಬುದು ತಿಳಿದದ್ದು ಆಮೇಲೆ. ಇದೇ ತೊಂದರೆ ಬೇರೆಯವರ ಮನೆಯಲ್ಲಿಯೂ ಇದೆ ಎಂದು ಕೇಳಿದ್ದರಿಂದ ಮತ್ತು ಇದೇ 'ಪರಿಹಾರ'ವನ್ನು ಅವರಿಗೂ ಸೂಚಿಸಲಾಗಿದೆ ಎಂದು ತಿಳಿದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಧಾರವಾಡದಲ್ಲಿ. ಇಲ್ಲಿಯ ಆಕಾಶವಾಣಿ ಕೇಂದ್ರ ಮಧ್ಯಮ ತರಂಗದಲ್ಲಿ 765 ಕಿಲೊಹರ್ಟ್ಜ್‌ನಲ್ಲಿ, 200 ಕಿಲೊವ್ಯಾಟ್ ಸಾಮರ್ಥ್ಯದ ಪ್ರಸಾರಕದಿಂದ ಬಿತ್ತರಿಸುತ್ತಿದ್ದ ಕಾಲದ ಮಾತಿದು. ದೀಪಾವಳಿಗೆಂದು ಕೊಂಡ 5.1 ಹೋಂ ಥಿಯೇಟರ್‌ನಲ್ಲಿ ಆಂಪ್ಲಿಫೈಯರನ್ನು ತನ್ನೊಳಗೇ ಹೊಂದಿರುವ ದೊಡ್ಡ ಸಬ್‌ವೂಫರ್ ಇತ್ತು. ಅದನ್ನು ಸೋಫಾದ ಹಿಂದೆ ಮೂಲೆಯಲ್ಲಿಟ್ಟು, ಟಿವಿ ಪಕ್ಕದ ರಿಸೀವರ್‌ನಿಂದ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಪೆಟ್ಟಿಗೆ) ಗೋಡೆಯಂಚಿನುದ್ದಕ್ಕೂ ಒಂಬತ್ತು ಮೀಟರ್ ಆರ್‌ಸಿಎ ಕೇಬಲ್, ಅಂದರೆ ಧ್ವನಿ ಸಂಕೇತ ಒಯ್ಯುವ ತಂತಿ, ಎಳೆಸಿದ್ದೆ. ಮೂರನೆಯ ದಿನ ಬೆಳಿಗ್ಗೆ ಅವ್ವ ಬಂದು, "ಖೋಲ್ಯಾಗ ಯಾರೂ ಇಲ್ಲ, ಆದ್ರೂ ಯಾರೋ ಗಂಡಸ್ರು ಮಾತಾಡಾಕತ್ತಾರ ನೋಡೋ" ಎಂದಳು. ಟಿವಿ, ರಿಸೀವರ್ ಎರಡೂ ಬಂದ್ ಆಗಿದ್ದವು. ಸಬ್‌ವೂಫರ್ ಮಾತ್ರ, ಸದ್ದಿಲ್ಲದಾಗ ತಾನಾಗಿ ಮಲಗಬೇಕಾದದ್ದು, ಹಸಿರು ದೀಪ ಹೊತ್ತಿಸಿಕೊಂಡು ಎಚ್ಚರವಾಗಿತ್ತು. ಕಿವಿಗೊಟ್ಟಾಗ, ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಪ್ರದೇಶ ಸಮಾಚಾರ ಕೇಳಿಸುತ್ತಿತ್ತು. ಅದರ ಜೊತೆಗೆ ಸಣ್ಣ ಗುಂಯ್‌ಗುಡುವ ಸದ್ದೊಂದು ಸದಾ ಇತ್ತು. ಅವೆರಡೂ ಬೇರೆ ಬೇರೆ ತೊಂದರೆಗಳು ಎಂಬುದು ನನಗಾಗಲಿ, ನಾನು ಹಣ ಕೊಟ್ಟವರಿಗಾಗಲಿ ಹೊಳೆಯಲಿಲ್ಲ. ಮುಂದಿನ ಎಲ್ಲ ನಷ್ಟಕ್ಕೂ ಅದೇ ಮೂಲವಾಯಿತು.

ಅಂಗಡಿಯವರು ಮೊದಲು ಕೇಬಲ್ಲಿನ ಮೇಲೆ ತಪ್ಪು ಹೊರಿಸಿದರು. ಒಳತಂತಿಯ ಸುತ್ತಲಿನ ಲೋಹದ ಹೊದಿಕೆ, ಅಂದರೆ ಶೀಲ್ಡ್, ದಪ್ಪಗಿದ್ದರೆ ರೇಡಿಯೊ ಒಳಗೆ ನುಸುಳುವುದಿಲ್ಲ ಎಂದು ಹೇಳಿ, ಬೆಳ್ಳಿ ಲೇಪನದ್ದೆಂಬ ಕೇಬಲ್ಲೊಂದನ್ನು 4,800 ರೂಪಾಯಿಗೆ ಕೊಟ್ಟರು. ವಾರ್ತೆ ಮೊದಲಿನಂತೆಯೇ ಬಂತು. ಆರ್‌ಸಿಎ ಜೋಡಣೆಯಲ್ಲಿ ಶೀಲ್ಡ್ ಎನ್ನುವುದು ಬರೀ ಕವಚವಲ್ಲ, ಸಂಕೇತ ಹಿಂದಿರುಗುವ ತಂತಿಯೂ ಅದೇ. ರೇಡಿಯೊ ಅಲೆ ಆ ಶೀಲ್ಡಿನ ಹೊರಮೈಯನ್ನೇ ಆಂಟೆನಾ ಮಾಡಿಕೊಂಡು ಬರುತ್ತಿರುವಾಗ ಅದನ್ನು ಇನ್ನಷ್ಟು ದಪ್ಪ ಮಾಡಿ ಪ್ರಯೋಜನವೇನು?

ಆಮೇಲೆ ಬಂದವರೇ ಪ್ಲಗ್ ಕತ್ತರಿಸಿದ ತಂತ್ರಜ್ಞರು. ಅವರು ಹೋದ ಮೇಲೆ ಗುಂಯ್‌ಗುಡುವುದು ನಿಜವಾಗಿಯೂ ನಿಂತಿತು, ರೇಡಿಯೊ ಮಾತ್ರ ಕಿಂಚಿತ್ತೂ ತಗ್ಗಲಿಲ್ಲ. "ಅರ್ಧ ಹೋತಲ್ಲ ಸರ್, ಉಳಿದದ್ದು ಬೋರ್ಡಿನ ದೋಷ" ಎಂದರು. ಆ ಅರ್ಧ ಹೋಗಿದ್ದು ಏಕೆ ಎಂಬುದನ್ನು ಈಗ ವಿವರಿಸಬಲ್ಲೆ. ನಮ್ಮ ಮಾಳಿಗೆಯ ಮೇಲಿನ ಡಿಶ್‌ನ ಕಬ್ಬಿಣದ ಕಂಬ ತಾರಸಿಯ ಸರಳುಗಳಿಗೆ ತಾಗಿಕೊಂಡಿದೆ. ಅಲ್ಲಿಂದ ಡಿಶ್ ಕೇಬಲ್, ಸೆಟ್‌ಟಾಪ್ ಬಾಕ್ಸ್, ರಿಸೀವರ್, ಆರ್‌ಸಿಎ ಶೀಲ್ಡ್, ಸಬ್‌ವೂಫರ್‌ನ ಅರ್ಥ್ ತಂತಿ ಎಲ್ಲವೂ ಸೇರಿ ನೆಲದ ಮೂಲಕ ಒಂದು ದೊಡ್ಡ ಸುತ್ತು ಪೂರ್ಣವಾಗುತ್ತಿತ್ತು. ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಜ್ ವಿದ್ಯುತ್ತೇ ಗುಂಯ್‌ಗುಡುತ್ತಿದ್ದುದು. ಅರ್ಥ್ ತಂತಿ ಕತ್ತರಿಸಿದಾಗ ಸುತ್ತು ತುಂಡಾಯಿತು, ಸದ್ದೂ ನಿಂತಿತು. ಆದರೆ ಅದರೊಂದಿಗೆ ನಮ್ಮ ಜೀವಕ್ಕಿದ್ದ ಕಾವಲೂ ಹೋಯಿತು.

ಪ್ಲಗ್ ಕತ್ತರಿಸಿದ ನಾಲ್ಕನೆಯ ದಿನ ನೆಲ ಒರೆಸುತ್ತಿದ್ದ ಅವ್ವ ಸಬ್‌ವೂಫರ್ ಸರಿಸಲು ಹೋಗಿ, ಹಿಂಭಾಗದ ಲೋಹದ ತಟ್ಟೆಗೆ ಕೈ ತಾಗಿ ಜುಮ್ಮೆಂದಿತು ಎಂದು ಬೆಚ್ಚಿಬಿದ್ದಳು. ಆಗ ರಿಸೀವರ್ ಕಡೆಯ ಕೇಬಲ್ ಬಿಚ್ಚಿಟ್ಟಿದ್ದರಿಂದ ಆ ತಟ್ಟೆಗೆ ಯಾವ ಕಡೆಯಿಂದಲೂ ಅರ್ಥ್ ಇರಲಿಲ್ಲ. ಟೆಸ್ಟರ್ ಇಟ್ಟರೆ ದೀಪ ಹೊತ್ತಿತು. ಮೀಟರಿನಲ್ಲಿ ತಟ್ಟೆಗೂ ಗೋಡೆಯ ಸಾಕೆಟ್ಟಿನ ಅರ್ಥ್‌ಗೂ ನಡುವೆ 110 ವೋಲ್ಟ್ ಆಸುಪಾಸು ಇತ್ತು. ಇಂಥ ಉಪಕರಣಗಳ ಪವರ್ ಸಪ್ಲೈನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಚಿಕ್ಕ ಕೆಪಾಸಿಟರ್ ಲೋಹದ ಮೈಗೆ ಜೋಡಿಸಿರುತ್ತದೆ. ಅರ್ಥ್ ಇಲ್ಲವಾದಾಗ ಆ ಮೈ 230 ವೋಲ್ಟಿನ ಅರ್ಧಕ್ಕೆ ತೇಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಅವ್ವನಿಗೆ ಆದದ್ದು ಜುಮ್ಮೆನ್ನುವಷ್ಟೇ. ಆದರೆ ಒಳಗೆ ಎಲ್ಲಿಯಾದರೂ ತಂತಿಯ ನಿರೋಧಕ ಹೊದಿಕೆ ಕೆಟ್ಟು ಫೇಸ್ ತಂತಿ ನೇರವಾಗಿ ಆ ತಟ್ಟೆಗೆ ತಾಗಿದ್ದರೆ, ಅರ್ಥ್ ಇದ್ದ ಪಕ್ಷದಲ್ಲಿ ಫ್ಯೂಸ್ ಹಾರುತ್ತಿತ್ತು ಅಥವಾ ಎಂಸಿಬಿ ಬೀಳುತ್ತಿತ್ತು. ಅರ್ಥ್ ಇಲ್ಲದಿದ್ದಾಗ ಒದ್ದೆ ನೆಲದ ಮೇಲೆ ನಿಂತವರ ದೇಹವೇ ಅದರ ದಾರಿಯಾಗುತ್ತಿತ್ತು. ನಾನು ಅಂದೇ ಹೊಸ ಮೂರು ಪಿನ್ ಪ್ಲಗ್ ತಂದು ಹಾಕಿಸಿದೆ. ಕೆಲವು ಉಪಕರಣಗಳು ಕಾರ್ಖಾನೆಯಿಂದಲೇ ಎರಡು ಪಿನ್ನಿನೊಂದಿಗೆ ಬರುತ್ತವೆ ಎಂಬ ಮಾತು ನಿಜ. ಅವುಗಳ ಮೇಲೆ ಒಂದರೊಳಗೊಂದು ಎರಡು ಚೌಕಗಳ ಗುರುತಿರುತ್ತದೆ, ಅವುಗಳ ನಿರೋಧಕ ವ್ಯವಸ್ಥೆಯೇ ಇಮ್ಮಡಿ. ಮೂರು ಪಿನ್ನಿನೊಂದಿಗೆ ಬಂದದ್ದನ್ನು ಎರಡಕ್ಕೆ ಇಳಿಸಲು ಅದು ಸಮರ್ಥನೆಯಾಗುವುದಿಲ್ಲ.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲವೆಂದೇ ಹೇಳಬೇಕು. 'ಬೋರ್ಡಿನ ದೋಷ' ಎಂಬ ಮಾತು ನಂಬಿ 7,200 ರೂಪಾಯಿ ಕೊಟ್ಟು ಆಂಪ್ಲಿಫೈಯರ್ ಬೋರ್ಡ್ ಬದಲಿಸಿಕೊಂಡೆ. ವಾರಂಟಿಯಲ್ಲಿ ಆಗಬೇಕಾಗಿದ್ದ ಕೆಲಸ, ಆದರೆ ಕತ್ತರಿಸಿದ ವಯರ್ ನೋಡಿದ ಸರ್ವೀಸ್ ಕೇಂದ್ರದವರು ವಾರಂಟಿ ಮುಗಿಯಿತೆಂದರು. ಮೂರು ವಾರಗಳ ನಂತರ ಮರಳಿ ಬಂದ ಸಬ್‌ವೂಫರ್ ಮರುದಿನ ಬೆಳಿಗ್ಗೆ ಮತ್ತೆ ಪ್ರದೇಶ ಸಮಾಚಾರ ಓದಿತು. ಹಳೆಯ ಬೋರ್ಡಿನಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ. ಅದರ ವಿನ್ಯಾಸವೇ ಹಾಗಿತ್ತು, ಹೊಸದರ ವಿನ್ಯಾಸವೂ ಅದೇ.

ಕೊನೆಗೆ ಇದನ್ನು ಬಿಡಿಸಿದವರು ಹವ್ಯಾಸಿ ರೇಡಿಯೊ ಪರವಾನಗಿ ಹೊಂದಿರುವ ನನ್ನ ಗೆಳೆಯರೊಬ್ಬರು. ಅವರು ಉಪಕರಣ ತೆರೆಯಲೇ ಇಲ್ಲ. ಹಿಂಬದಿಯ ಕ್ರಾಸ್‌ಓವರ್ ಗುಬ್ಬಿಯನ್ನು (ಎಷ್ಟು ಹರ್ಟ್ಜ್‌ವರೆಗಿನ ಸದ್ದು ಬಿಡಬೇಕೆಂದು ಹೊಂದಿಸುವ ತಿರುಗಣೆ) ಮೇಲಕ್ಕೆ ತಿರುಗಿಸಿದರು: ಗೊಣಗಿನಂತಿದ್ದ ಮಾತು ಕೊಂಚ ಸ್ಪಷ್ಟವಾಯಿತು. ವಾಲ್ಯೂಮ್ ತಗ್ಗಿಸಿದರು: ಮಾತೂ ತಗ್ಗಿತು. ಅಂದರೆ ರೇಡಿಯೊ ಈ ಎರಡು ಗುಬ್ಬಿಗಳಿಗಿಂತ ಮುಂಚೆಯೇ, ಇನ್‌ಪುಟ್ ಕಡೆಯಿಂದಲೇ ಒಳಹೊಗುತ್ತಿದೆ ಎಂದಾಯಿತು. ಗುಬ್ಬಿ ತಿರುಗಿಸಿದರೂ ಧ್ವನಿ ಬದಲಾಗದೇ ಇದ್ದಿದ್ದರೆ ಅದು ಪವರ್ ವಯರಿನಿಂದಲೋ ಒಳಗಿನ ಸ್ಪೀಕರ್ ತಂತಿಯಿಂದಲೋ ಬರುತ್ತಿದೆ ಎಂದು ತಿಳಿಯಬೇಕಾಗಿತ್ತು. ಗಂಡಸಿನ ದನಿ ಮಾತ್ರ ಕೇಳಿಸಿ ಹೆಂಗಸರ ದನಿ ಮಾಯವಾಗುತ್ತಿದ್ದುದಕ್ಕೂ ಕಾರಣ ಸಿಕ್ಕಿತು: ಸಬ್‌ವೂಫರ್ ತನ್ನ ಒಳಗಿನ ಫಿಲ್ಟರಿನಿಂದ ಸುಮಾರು 120 ಹರ್ಟ್ಜ್‌ಗಿಂತ ಮೇಲಿನದನ್ನು ತಡೆಯುತ್ತಿತ್ತು. ಹಿಂದೂಸ್ತಾನಿ ಸಂಗೀತದ ಈ ಊರಿನಲ್ಲಿ ನಮ್ಮ ಮನೆಗೆ ತಬಲಾದ ಎಡಗೈ ಮಾತ್ರ ಪ್ರಸಾರವಾಗುತ್ತಿತ್ತು.

ನಂತರ ಸ್ವಿಚ್ ಆರಿಸಿ, ಸಬ್‌ವೂಫರ್ ಕಡೆಯ ಆರ್‌ಸಿಎ ಕೇಬಲ್ ಕಿತ್ತು, ಮತ್ತೆ ಸ್ವಿಚ್ ಹಾಕಿದರು. ಸಂಪೂರ್ಣ ಮೌನ. ಕೇಬಲನ್ನು ಸಬ್‌ವೂಫರ್‌ಗೆ ಸಿಕ್ಕಿಸಿ ರಿಸೀವರ್ ಕಡೆ ಮಾತ್ರ ಬಿಚ್ಚಿದಾಗ ಮಾತು ಮರಳಿತು. ಹತ್ತು ನಿಮಿಷದೊಳಗೆ, ಒಂದು ರೂಪಾಯಿಯ ಖರ್ಚಿಲ್ಲದೆ, ರಿಸೀವರ್ ನಿರ್ದೋಷಿ, ಕೇಬಲ್ಲಿನ ಉದ್ದವೇ ಆಂಟೆನಾ ಎಂಬುದು ಖಚಿತವಾಯಿತು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಪ್ರತಿ ಸಲವೂ ಸ್ವಿಚ್ ಆರಿಸಿಯೇ ಕೇಬಲ್ ಕೀಳಬೇಕು. ಇಲ್ಲವಾದರೆ ಧಡ್ ಎಂಬ ಸದ್ದಿಗೆ ಸ್ಪೀಕರ್ ಕೋನ್ ಹರಿಯುವ ಸಂಭವವಿದೆ.

ರೇಡಿಯೊ ಅಲ್ಲದ ಆಂಪ್ಲಿಫೈಯರ್ ರೇಡಿಯೊ ಆಗುವುದು ಹೇಗೆ ಎಂದು ಕೇಳಿದೆ. ಮಧ್ಯಮ ತರಂಗದ ಪ್ರಸಾರದಲ್ಲಿ ಅಲೆಯ ಎತ್ತರವೇ ಮಾತಿನೊಂದಿಗೆ ಏರಿಳಿಯುತ್ತದೆ. ಡಯೋಡ್‌ನಂತೆ ಒಂದೇ ದಿಕ್ಕಿಗೆ ಹೆಚ್ಚು ಒಲಿಯುವ ಯಾವುದೇ ಸಂಧಿ ಸಿಕ್ಕರೂ ಆ ಏರಿಳಿತ ಧ್ವನಿಯಾಗಿ ಹೊರಬರುತ್ತದೆ, ಆಂಪ್ಲಿಫೈಯರ್‌ನ ಮೊದಲ ಐಸಿಯಲ್ಲಿ, ಅಂದರೆ ಚಿಪ್‌ನಲ್ಲಿ, ಅಂಥ ಸಂಧಿಗಳು ಇದ್ದೇ ಇರುತ್ತವೆ. ಎಫ್‌ಎಂ ಅಲೆಯ ಎತ್ತರ ಬದಲಾಗುವುದಿಲ್ಲವಾದ್ದರಿಂದ ಎಫ್‌ಎಂ ಕೇಂದ್ರಗಳು ಹೀಗೆ ಕೇಳಿಸುವುದು ಅಪರೂಪ. ನಮ್ಮ ಸಬ್‌ವೂಫರ್‌ನಲ್ಲಿ ಆರ್‌ಸಿಎ ಸಾಕೆಟ್ಟಿನ ಹೊರ ಉಂಗುರ ಲೋಹದ ತಟ್ಟೆಗೆ ತಾಗದೆ, ಪ್ಲಾಸ್ಟಿಕ್ಕಿನಲ್ಲಿ ಕುಳಿತು, ಬೋರ್ಡಿನ ತೆಳುವಾದ ಗೆರೆಯೊಂದರ ಮೂಲಕ ಒಳಕ್ಕೆ ಹೋಗುತ್ತಿತ್ತು. ಶೀಲ್ಡಿನ ಮೇಲೆ ಬಂದ ರೇಡಿಯೊ ಕರೆಂಟು ಹೊರಗೇ ತಟ್ಟೆಗೆ ಇಳಿಯುವ ಬದಲು ಐಸಿಯ ಮನೆಬಾಗಿಲಿಗೇ ಹೋಗುತ್ತಿತ್ತು. ಧ್ವನಿ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲೇ ಈ ವಿನ್ಯಾಸದೋಷವನ್ನು ವಿವರಿಸಿದ್ದರು. ವೃತ್ತಿಯವರ ಧ್ವನಿ ಕೇಬಲ್‌ಗಳಲ್ಲಿ ಶೀಲ್ಡ್ ಸೇರುವುದು ಒಂದನೆಯ ಪಿನ್ನಿಗೆ, ಹಾಗಾಗಿ ಅವರು ಅದನ್ನು 'ಪಿನ್ ಒಂದರ ಸಮಸ್ಯೆ' ಎನ್ನುತ್ತಾರಂತೆ.

ಪರಿಹಾರಕ್ಕೆ ಆದ ಖರ್ಚು 640 ರೂಪಾಯಿ. ಸಬ್‌ವೂಫರನ್ನು ಟಿವಿಯ ಪಕ್ಕಕ್ಕೆ ತಂದು ಕೇಬಲನ್ನು ಎರಡು ಮೀಟರಿಗೆ ಇಳಿಸಿದೆವು. ಅರ್ಧಕ್ಕಿಂತ ಹೆಚ್ಚು ಸದ್ದು ಅಲ್ಲಿಯೇ ಹೋಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ ದೊಡ್ಡ ಫೆರೈಟ್ ಉಂಗುರದೊಳಗೆ (ರೇಡಿಯೊ ಕರೆಂಟನ್ನು ತಡೆಯುವ ಕಾಂತೀಯ ವಸ್ತುವಿನ ಉಂಗುರ) ಆ ಕೇಬಲನ್ನು ಸಬ್‌ವೂಫರ್ ತುದಿಯಲ್ಲಿ ಹತ್ತು ಸುತ್ತು ಸುತ್ತಿದೆವು. ಲ್ಯಾಪ್‌ಟಾಪ್ ವಯರಿನಲ್ಲಿರುವಂಥ ಕ್ಲಿಪ್ ಮಾದರಿಯ ಫೆರೈಟ್ ಕೊಂಡು ಒಂದೇ ಸುತ್ತಿಗೆ ಸಿಕ್ಕಿಸಿ ಕೈಚೆಲ್ಲುವವರು ಬಹಳ. 765 ಕಿಲೊಹರ್ಟ್ಜ್‌ನಷ್ಟು ಕೆಳಗಿನ ಆವರ್ತನಕ್ಕೆ ಅದು ಏನೂ ಸಾಲದು. ತಡೆಯುವ ಶಕ್ತಿ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಹತ್ತು ಸುತ್ತಿಗೆ ನೂರು ಪಟ್ಟು ಸಿಗುತ್ತದೆ. ಉಂಗುರವೂ ಮಧ್ಯಮ ತರಂಗಕ್ಕೆ ಹೊಂದುವ ಮಿಶ್ರಣದ್ದಾಗಿರಬೇಕು, ಅಂಗಡಿಯಲ್ಲಿ ಅದನ್ನು ಕೇಳಿಯೇ ಕೊಳ್ಳಬೇಕು.

ಉಳಿದ ಪಿಸುಮಾತಿಗೆ ಗೆಳೆಯರು ಪುಟ್ಟ ತಗಡಿನ ಡಬ್ಬಿಯಲ್ಲಿ 1,000 ಓಮ್‌ನ ರೆಸಿಸ್ಟರ್ ಮತ್ತು 10 ನ್ಯಾನೊಫ್ಯಾರಡ್‌ನ ಕೆಪಾಸಿಟರ್ ಬೆಸುಗೆ ಹಾಕಿ ಇನ್‌ಪುಟ್ಟಿಗೆ ಜೋಡಿಸಿದರು. ಈ ಜೋಡಿ ಸುಮಾರು 16 ಕಿಲೊಹರ್ಟ್ಜ್‌ನಿಂದ ಮೇಲಿನದನ್ನು ತಗ್ಗಿಸುತ್ತಾ ಹೋಗುತ್ತದೆ; ಸಬ್‌ವೂಫರ್‌ಗೆ ಬೇಕಾದದ್ದು ಒಂದೆರಡು ನೂರು ಹರ್ಟ್ಜ್‌ವರೆಗೆ ಮಾತ್ರವಾದ್ದರಿಂದ ಸಂಗೀತಕ್ಕೆ ಯಾವ ಧಕ್ಕೆಯೂ ಇಲ್ಲ. ಆದರೆ 765 ಕಿಲೊಹರ್ಟ್ಜ್ ಅದರ 48 ಪಟ್ಟು ಮೇಲಿರುವುದರಿಂದ ಅಲೆ ಸುಮಾರು ಐವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ದುರ್ಬಲ ಅಲೆಯಿಂದ ಹುಟ್ಟುವ ಧ್ವನಿಯು ಅಲೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಮಾತು ಸುಮಾರು ಎರಡೂವರೆ ಸಾವಿರದ ಒಂದು ಭಾಗಕ್ಕೆ ಕುಗ್ಗಿ ಅಳಿಸಿಹೋಯಿತು. ಅರ್ಥ್ ಪಿನ್ ಮರಳಿ ಬಂದಾಗ ಗುಂಯ್‌ಗುಡುವುದೂ ಮರಳಿತ್ತು. ಅದಕ್ಕೆ ಮಾಡಿದ್ದು ಇಷ್ಟೇ, ಡಿಶ್‌ನ ಕಂಬದ ಕೆಳಗೆ ರಬ್ಬರ್ ಹಾಳೆ ಇರಿಸಿ ಸರಳುಗಳಿಂದ ಬೇರ್ಪಡಿಸಿ, ಡಿಶ್ ಕೇಬಲ್ಲಿನ ಶೀಲ್ಡನ್ನು ಮನೆಯೊಳಗೆ ಬರುವಲ್ಲಿಯೇ ಮನೆಯ ಅರ್ಥ್‌ಗೆ ಸೇರಿಸಿದ್ದು. ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಿದರು.

ನಿಮ್ಮ ಮನೆಯ ಸದ್ದು ಯಾವ ಜಾತಿಯದೆಂದು ಮೊದಲು ಕಿವಿಯಿಂದಲೇ ತಿಳಿದುಕೊಳ್ಳಿ. ಏರಿಳಿತವಿಲ್ಲದ ಗುಂಯ್ ಎಂದರೆ 50 ಅಥವಾ 100 ಹರ್ಟ್ಜ್, ಅದು ಮನೆಯ ವಿದ್ಯುತ್ತಿನದು. ಕರೆ ಬರುವ ಕ್ಷಣದ ಮುಂಚೆ ಟರ್ರ್ ಟರ್ರ್ ಎಂದರೆ ಅದು 2ಜಿ ಮೊಬೈಲಿನ 217 ಹರ್ಟ್ಜ್ ಮಿಡಿತ, ಫೋನನ್ನು ಒಂದೆರಡು ಮೀಟರ್ ದೂರ ಇಟ್ಟರೆ ಸಾಕು. ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದಾಗ ಬದಲಾಗುವ ಗರಗರ ಆ ರೆಗ್ಯುಲೇಟರಿನದೇ. ಮಾತೋ ಹಾಡೋ ಕೇಳಿಸಿದರೆ ಮಾತ್ರ ಮೇಲೆ ಹೇಳಿದ ದಾರಿ. ಯಾವುದೇ ಸಂದರ್ಭದಲ್ಲಿಯೂ ಡಬ್ಬಿ ತೆರೆಯಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್‌ವರೆಗಿನ ಡಿಸಿ ಕೆಲಹೊತ್ತು ನಿಂತಿರಬಹುದು. ರಿಪೇರಿಗೆ ಬಂದವರು ಕೇಬಲ್ ಒಂದನ್ನೂ ಕಿತ್ತು ನೋಡದೆ ಬೋರ್ಡ್ ಬದಲಿಸಬೇಕೆಂದರೆ ಹಣ ಕೊಡಬೇಡಿ, ಪ್ಲಗ್‌ಗೆ ಕೈ ಹಾಕಿದರೆ ಅಲ್ಲಿಗೇ ನಿಲ್ಲಿಸಿ.

ಅಂಗಡಿಯವರು 4,800 ರೂಪಾಯಿಯ ಕೇಬಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂಬತ್ತು ಮೀಟರಿನಲ್ಲಿ ಎರಡು ಮೀಟರ್ ಕತ್ತರಿಸಿ ಬಳಸಿಕೊಂಡು, ಉಳಿದ ಏಳು ಮೀಟರನ್ನು ಅವ್ವನ ಹಳೆಯ ಟ್ರಾನ್ಸಿಸ್ಟರಿಗೆ ಆಂಟೆನಾ ಮಾಡಿಕೊಟ್ಟಿದ್ದೇನೆ.